ಕಾರ್ಲನ ಹೆಸರು ಕಿರೀಟವಾದ ಕಥೆ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಪೋಲೆಂಡ್ ಮತ್ತು ಲಿಥುವೇನಿಯಾಗಳ ನಡುವೆ, ತಾಯ್ನಾಡಿನಿಂದ ಕಡಿದುಹೋದ ರಷ್ಯಾದ ಒಂದು ತುಂಡು ನೆಲವಿದೆ. ಅದರ ಮುಖ್ಯ ಪಟ್ಟಣ ಕಲೀನಿನ್‌ಗ್ರಾದ್. ವಿದೇಶಿ ಊರುಗಳನ್ನು ಪೋಲಿಷ್ ಭಾಷೆಯಲ್ಲಿ ಏನೆಂದು ಕರೆಯಬೇಕು ಎಂದು ತೀರ್ಮಾನಿಸುವ ಸರ್ಕಾರಿ ಸಮಿತಿಯೊಂದು ಪೋಲೆಂಡಿನಲ್ಲಿದೆ. 2023ರ ಮೇ ತಿಂಗಳಲ್ಲಿ ಆ ಸಮಿತಿ, ಇನ್ನು ಮುಂದೆ ಈ ಪಟ್ಟಣವನ್ನು ಹಳೆಯ ಹೆಸರಿನಿಂದ ಕ್ರುಲೇವಿಯೆತ್ಸ್ ಎಂದೇ ಕರೆಯೋಣ ಎಂದು ಹೇಳಿತು. ರಷ್ಯಾ ಸಿಡಿಮಿಡಿಗೊಂಡಿತು. ಪೋಲೆಂಡಿನವರ ಕಾರಣ ಸ್ಪಷ್ಟವಾಗಿತ್ತು. ಪಟ್ಟಣಕ್ಕೆ 1946ರಲ್ಲಿ ಯಾರ ಹೆಸರಿಟ್ಟರೋ ಆ ಮಿಖಾಯಿಲ್ ಕಲೀನಿನ್, 1940ರಲ್ಲಿ ಕತೀನ್ ಕಾಡಿನಲ್ಲೂ ಬೇರೆಡೆಯೂ ಸಾವಿರಾರು ಪೋಲಿಷ್ ಸೇನಾಧಿಕಾರಿಗಳನ್ನು ಕೊಲ್ಲಿಸಿದ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಒಬ್ಬ.

ಕ್ರುಲೇವಿಯೆತ್ಸ್ ಎಂದರೆ ರಾಜನ ಊರು. ಕಾಂಟ್ ಎಂಬ ತತ್ತ್ವಜ್ಞಾನಿ ಹುಟ್ಟಿ, ಪಾಠ ಹೇಳಿ, ಮಣ್ಣಾದ ಕ್ಯೋನಿಗ್ಸ್‌ಬರ್ಗ್ ಇದೇ. 1255ರಲ್ಲಿ ಜರ್ಮನ್ ಧರ್ಮಯೋಧರು ಇಲ್ಲಿ ಕೋಟೆ ಕಟ್ಟಿ, ತಮ್ಮ ಸಹಾಯಕ್ಕೆ ಬಂದ ಬೊಹೀಮಿಯಾದ ದೊರೆ ಎರಡನೆಯ ಒಟಕಾರನ ಗೌರವಕ್ಕೆ ‘ರಾಜನ ಬೆಟ್ಟ’ ಎಂದು ಹೆಸರಿಟ್ಟರು. ಪೋಲಿಷರು ಅದನ್ನು ಕ್ರುಲೇವಿಯೆತ್ಸ್ ಮಾಡಿಕೊಂಡರು, ಚೆಕ್ಕರು ಕ್ರಾಲೊವೆತ್ಸ್, ಲಿಥುವೇನಿಯಾದವರು ಕರಾಲ್ಯಾವ್ಚುಸ್.

ರಷ್ಯಾದಲ್ಲಿ ಇನ್ನೊಂದು ಕಲೀನಿನ್‌ಗ್ರಾದ್ ಇತ್ತು. ಅದು ಮಾಸ್ಕೋ ಪಕ್ಕದಲ್ಲೇ, ಹಿಂದೆ ಪೊದ್ಲಿಪ್ಕಿ ಎನ್ನುತ್ತಿದ್ದ ಊರು. ಸ್ಪುಟ್ನಿಕ್ಕನ್ನೂ ಗಗಾರಿನ್ನನನ್ನೂ ಆಕಾಶಕ್ಕೆ ಕಳುಹಿಸಿದ ಸೆರ್ಗೇಯ್ ಕೊರೊಲ್ಯೋವ್ ಕೆಲಸ ಮಾಡಿದ್ದು ಇಲ್ಲಿ. ಬದುಕಿರುವವರೆಗೆ ಅವನ ಹೆಸರು ಸರ್ಕಾರದ ಗುಟ್ಟು. ಪತ್ರಿಕೆಗಳಲ್ಲಿ ಬರೀ ‘ಮುಖ್ಯ ವಿನ್ಯಾಸಕ’. 1966ರಲ್ಲಿ ತೀರಿಕೊಂಡ ಮೇಲಷ್ಟೇ ಲೋಕಕ್ಕೆ ಅವನ ಹೆಸರು ಗೊತ್ತಾಯಿತು. ವ್ಯೋಮಯಾನಗಳನ್ನು ನಿಯಂತ್ರಿಸುವ ಕೇಂದ್ರವೂ ಇದೇ ಊರಿನಲ್ಲಿ. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಆ ಯಾನವನ್ನು ನಡೆಸಿದ್ದು ಈ ಕಲೀನಿನ್‌ಗ್ರಾದ್‌ನಿಂದಲೇ. 1996ರಲ್ಲಿ ಊರಿನ ಹೆಸರು ಬದಲಾಗಿ ಕೊರೊಲ್ಯೋವ್ ಆಯಿತು. ಕೊರೊಲ್ಯೋವ್ ಎಂಬ ಮನೆತನದ ಹೆಸರಿನ ಅರ್ಥ ‘ರಾಜನ ಕಡೆಯವನು’ ಎಂದು.

ಹೀಗೆ, ಒಬ್ಬನೇ ಕಮ್ಯುನಿಸ್ಟ್ ಮುಖಂಡನ ಹೆಸರು ಹೊತ್ತಿದ್ದ ಎರಡು ಊರುಗಳಲ್ಲಿ ಒಂದಕ್ಕೆ ರಷ್ಯನ್ನರೇ ರಾಜನ ಹೆಸರಿಟ್ಟರು, ಇನ್ನೊಂದಕ್ಕೆ ನೆರೆಯವರು ಇಟ್ಟರು. ಕ್ರುಲೇವಿಯೆತ್ಸ್, ಕೊರೊಲ್ಯೋವ್ ಎರಡಕ್ಕೂ ಬುಡ ಒಂದೇ ನಾಮಪದ. ಆ ಪದವನ್ನು ಯಾರೂ ಅದರ ಮೂಲರೂಪದಲ್ಲಿ ಬರೆದಿಟ್ಟಿಲ್ಲ. ಭಾಷಾಶಾಸ್ತ್ರಜ್ಞರು ಅದನ್ನು ಮರಳಿ ಕಟ್ಟಿ, ಎಡಗಡೆ ಒಂದು ನಕ್ಷತ್ರ ಹಚ್ಚಿ, *ಕೊರ್ಲಿ ಎಂದು ಬರೆಯುತ್ತಾರೆ. ಮೂಲ ದ್ರಾವಿಡದ ಬಗ್ಗೆ ಓದಿದವರಿಗೆ ಈ ನಕ್ಷತ್ರ ಹೊಸದಲ್ಲ. ಇದು ಬರಹದಲ್ಲಿ ಸಿಕ್ಕಿದ್ದಲ್ಲ, ಮಕ್ಕಳ ಮುಖ ನೋಡಿ ತಾಯಿಯ ಮುಖವನ್ನು ಊಹಿಸಿದ್ದು ಎಂಬ ಸೂಚನೆ ಅದು. *ಕೊರ್ಲಿಯ ಕೊನೆಯ ಇಕಾರವನ್ನು ಬಹಳ ಮೊಟಕಾಗಿ ಉಚ್ಚರಿಸಬೇಕು. ಅದು ಮುಂದೆ ಕರಗಿ ಹೋಗಿ, ಅದರ ಹಿಂದಿನ ಲಕಾರವನ್ನು ಮೆತ್ತಗೆ ಮಾಡಿತು.

ಪೋಲಿಷ್, ಚೆಕ್, ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳಲ್ಲಿ ನೂರಾರು ಮೂಲಪದಗಳನ್ನು ಹೀಗೆ ಕಟ್ಟಿದ್ದಾರೆ. ಹಾಲು, ತಲೆ, ಚಿನ್ನ, ಗಡ್ಡ, ಊರು ಇವೆಲ್ಲ ತೀರಾ ಹಳೆಯವು, ಯಾವಾಗ ಹುಟ್ಟಿದವೆಂದು ಹೇಳುವ ಹಾಗಿಲ್ಲ. *ಕೊರ್ಲಿ ಮಾತ್ರ ಹಾಗಲ್ಲ. ಅದಕ್ಕೊಬ್ಬ ಅಪ್ಪನಿದ್ದಾನೆ. ಅವನ ಮರಣದ ದಿನವೂ ನಮಗೆ ಗೊತ್ತು: 814ರ ಜನವರಿ 28. ಹೆಸರು ಕಾರ್ಲ್. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಷಾರ್ಲಮೇನ್ ಎಂದು ಬರುವ, ಫ್ರಾಂಕರ ದೊರೆ.

ಕಾರ್ಲ್ ಎಂಬ ಹೆಸರೇನೂ ಮೊದಲಿಗೆ ರಾಜಗಾಂಭೀರ್ಯದ್ದಲ್ಲ. ಹಳೆಯ ಜರ್ಮ್ಯಾನಿಕ್ ನುಡಿಗಳಲ್ಲಿ ಅದರ ಅರ್ಥ ಆಳು, ಗಂಡಸು, ಜೀತವಿಲ್ಲದ ಸಾಮಾನ್ಯ ಪ್ರಜೆ ಎಂದು. ಇಂಗ್ಲಿಷಿನಲ್ಲಿ ಅದೇ ಪದ ಚರ್ಲ್ ಆಗಿ, ಹಳ್ಳಿಗಮಾರ ಎಂಬ ಅರ್ಥಕ್ಕೆ ಇಳಿಯಿತು. ಜರ್ಮನ್ನಿನಲ್ಲಿ ಕೆರ್ಲ್ ಆಗಿ ‘ಆಸಾಮಿ’ ಎನ್ನುವ ಧಾಟಿಯಲ್ಲಿ ಬಳಕೆಯಲ್ಲಿದೆ. ಸ್ಲಾವಿಕ್ ಜನರ ಬಾಯಲ್ಲಿ ಮಾತ್ರ ಅದು ಸಿಂಹಾಸನ ಏರಿತು.

ಏರಿದ್ದು ಏಕೆಂದು ತಿಳಿಯಲು ಎಂಟನೆಯ ಶತಮಾನದ ಕೊನೆಯಲ್ಲಿ ಎಲ್ಬೆ ನದಿಯ ಪೂರ್ವದ ದಡದಲ್ಲಿ ನಿಂತು ನೋಡಬೇಕು. ಕಾರ್ಲ್ 768ರಲ್ಲಿ ಪಟ್ಟಕ್ಕೆ ಬಂದ. 772ರಿಂದ ಮೂರು ದಶಕ ಸ್ಯಾಕ್ಸನರ ಮೇಲೆ ದಂಡೆತ್ತಿ ಹೋಗಿ, ಅವರನ್ನು ಹಣಿದು, ತನ್ನ ಗಡಿಯನ್ನು ಎಲ್ಬೆಗೆ ತಂದು ನಿಲ್ಲಿಸಿದ. ಆಚೆ ದಡದಲ್ಲಿ ಇದ್ದವರು ಸ್ಲಾವ್ ಜನ. ಅವರಲ್ಲಿ ಒಬೊದ್ರಿತರು ಅವನ ಜೊತೆ ಸೇರಿಕೊಂಡರು. ವೆಲೇತರು ಸೇರಲಿಲ್ಲ, 789ರಲ್ಲಿ ಅವನು ನದಿ ದಾಟಿ ಅವರ ನಾಡಿಗೇ ನುಗ್ಗಿದಾಗ ಅವರ ನಾಯಕ ದ್ರಾಗೊವಿತ್ ಶರಣಾದ. ತೆಂಕಣದಲ್ಲಿ, ಈಗಿನ ಹಂಗೆರಿಯ ಬಯಲಿನಲ್ಲಿ, ಅವಾರರೆಂಬ ಕುದುರೆಸವಾರರು ಎರಡು ಶತಮಾನ ಆಳಿದ್ದರು, ಅವರ ಕೈಕೆಳಗೆ ಅಸಂಖ್ಯ ಸ್ಲಾವರಿದ್ದರು. 791ರಿಂದ 796ರ ನಡುವೆ ಕಾರ್ಲನ ಸೇನೆ ಆ ರಾಜ್ಯವನ್ನು ಮುರಿದು, ಅವರು ಕೂಡಿಟ್ಟ ಹೊನ್ನನ್ನು ಬಂಡಿಗಟ್ಟಲೆ ಸಾಗಿಸಿತು. 805ರಲ್ಲಿ ಬೊಹೀಮಿಯಾಕ್ಕೆ ದಂಡು ಹೋಯಿತು. ಅದೇ ವರ್ಷ ಹೊರಟ ರಾಜಾಜ್ಞೆಯೊಂದು ಸ್ಲಾವರಿಗೆ ಮತ್ತು ಅವಾರರಿಗೆ ಆಯುಧ ಮಾರುವುದನ್ನು ನಿಷೇಧಿಸಿತು. ಮಾಗ್ದೆಬುರ್ಗ್, ಎರ್ಫುರ್ಟ್, ರೇಗೆನ್ಸ್‌ಬುರ್ಗ್ ಮುಂತಾದ ಗಡಿಪೇಟೆಗಳಲ್ಲಿ ವರ್ತಕರ ಮೇಲೆ ಕಾವಲು ಕೂತಿತು.

ಹೀಗಿರುವಾಗ ಬಾಲ್ಟಿಕ್ ತೀರದಿಂದ ಏಡ್ರಿಯಾಟಿಕ್ ತೀರದವರೆಗಿನ ಗಡಿಯುದ್ದಕ್ಕೂ ಸ್ಲಾವರು ಎದುರಿಸಿದ್ದು ಒಬ್ಬನನ್ನೇ. ಕಪ್ಪ ಕೊಡಬೇಕಾದದ್ದು ಅವನಿಗೆ, ಹೆದರಬೇಕಾದದ್ದು ಅವನಿಗೆ, ನೆರೆಯವನ ಮೇಲೆ ದೂರು ಒಯ್ಯಬೇಕಾದದ್ದೂ ಅವನ ಬಳಿಗೆ. ನಲವತ್ತಾರು ವರ್ಷ ಒಬ್ಬನೇ ದೊರೆ. ಎರಡು ತಲೆಮಾರು ಬೇರೊಬ್ಬ ರಾಜನನ್ನು ಕಂಡಿಲ್ಲದ ಜನಕ್ಕೆ ‘ಕಾರ್ಲ್’ ಎನ್ನುವುದು ಹೆಸರೋ ಹುದ್ದೆಯೋ ಎಂಬ ಗೆರೆ ಅಳಿಸಿಹೋಗಿದ್ದರೆ ಆಶ್ಚರ್ಯವಿಲ್ಲ. ಅವನ ನಂತರ ಬಂದವನೂ ಒಬ್ಬ ಕಾರ್ಲನೇ ಆದ. ಆಮೇಲೆ ಎಲ್ಲ ರಾಜರೂ.

ಈ ಪದ ಮುಂದೆ ಕವಲೊಡೆದ ಸ್ಲಾವಿಕ್ ಭಾಷೆಗಳ ಬಾಯಲ್ಲಿ ಏನಾಯಿತು ಎಂಬುದೇ ನನಗೆ ಇಡೀ ಕಥೆಯ ಜೀವ. ಇಲ್ಲಿ ಕನ್ನಡದ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಹಳಗನ್ನಡದ ಪಾಲ್ ಮುಂದೆ ಹಾಲಾಯಿತು, ಪೂ ಹೂವಾಯಿತು. ಸಂಸ್ಕೃತದ ಪರ್ವ ಆ ಬದಲಾವಣೆಗೆ ಮುಂಚೆಯೇ ನಮ್ಮಲ್ಲಿಗೆ ಬಂದು ಪಬ್ಬವಾಗಿ ನೆಲೆಸಿತ್ತು. ಹಾಗಾಗಿ ಮನೆಯ ಪದಗಳ ಜೊತೆ ಅದೂ ಬದಲಾಗಿ ಹಬ್ಬವಾಯಿತು. ಪುಸ್ತಕವಂತೂ ಎರಡು ಸಲ ಬಂತು. ಮೊದಲು ಬಂದದ್ದು ಪೊತ್ತಗೆಯಾಗಿ, ಹೊತ್ತಗೆಯಾಯಿತು. ತಡವಾಗಿ ಬಂದದ್ದು ಪುಸ್ತಕವಾಗಿಯೇ ಉಳಿಯಿತು. ಅಂದರೆ ಎರವಲು ಪದವೊಂದು ಮನೆಮಂದಿಯ ಜೊತೆಗೆ ಬದಲಾಗಿದೆಯೋ ಇಲ್ಲವೋ ನೋಡಿದರೆ, ಅದು ಮನೆಗೆ ಬಂದದ್ದು ಬದಲಾವಣೆಗೆ ಮೊದಲೋ ಆಮೇಲೋ ಎಂದು ಹೇಳಬಹುದು.

ಸ್ಲಾವಿಕ್ ಭಾಷೆಗಳಲ್ಲಿ ಅಂಥದೊಂದು ದೊಡ್ಡ ಬದಲಾವಣೆ ನಡೆಯಿತು. ಹಳೆಯ ಮಾತಿನಲ್ಲಿ ಊರು, ಕೋಟೆ ಎಂಬುದಕ್ಕೆ *ಗೊರ್ದು ಎಂಬ ಪದವಿತ್ತು. ಪ್ರತಿ ಉಚ್ಚಾರದ ತುಂಡೂ ಸ್ವರದಲ್ಲೇ ಮುಗಿಯಬೇಕೆಂಬ ಒಲವು ಆ ಭಾಷೆಯಲ್ಲಿ ಬಲವಾಗುತ್ತ ಬಂದಾಗ, ‘ಗೊರ್’ ಎಂದು ರಕಾರದಲ್ಲಿ ನಿಲ್ಲುವ ತುಂಡು ತೊಡಕಾಯಿತು. ತೊಡಕನ್ನು ಒಂದೊಂದು ನಾಡಿನವರು ಒಂದೊಂದು ಬಗೆಯಲ್ಲಿ ಬಿಡಿಸಿದರು. ದಕ್ಷಿಣದ ಬಲ್ಗೇರಿಯನ್, ಸೆರ್ಬಿಯನ್, ಸ್ಲೊವೇನಿಯನ್ ಜನ ರಕಾರವನ್ನು ಮುಂದೆ ತಂದು, ಸ್ವರವನ್ನು ಆಕಾರ ಮಾಡಿ, ಗ್ರಾದ್ ಎಂದರು. ಚೆಕ್ಕರೂ ಸ್ಲೊವಾಕರೂ ಅದೇ ದಾರಿ ಹಿಡಿದು ಹ್ರಾದ್ ಎಂದರು. ಪೋಲಿಷರು ರಕಾರವನ್ನು ಮುಂದೆ ತಂದರೂ ಒಕಾರವನ್ನು ಬಿಡಲಿಲ್ಲ. ಆ ಒಕಾರ ಈಚೆಗೆ ಉಕಾರವಾಗಿ, ಈಗ ಅದು ಗ್ರುದ್. ಪೂರ್ವದ ರಷ್ಯನ್ನರು ಏನನ್ನೂ ಸ್ಥಳಾಂತರಿಸಲಿಲ್ಲ, ರಕಾರದ ಆಚೆಗೂ ಒಂದು ಒಕಾರ ಸೇರಿಸಿ ಗೊರೊದ್ ಎಂದರು. ಬೆಲ್‌ಗ್ರೇಡ್ ಎಂದು ನಾವು ಕರೆಯುವ ಬೆಒಗ್ರಾದ್‌ನಲ್ಲಿ ಇರುವುದೂ, ರಷ್ಯಾದ ನೊವ್‌ಗೊರೊದ್‌ನಲ್ಲಿ ಇರುವುದೂ ಒಂದೇ ಪದ. ಕಲೀನಿನ್‌ಗ್ರಾದ್‌ನ ‘ಗ್ರಾದ್’ ಮಾತ್ರ ರಷ್ಯನ್ನರ ಮನೆಮಾತಿನದಲ್ಲ, ಚರ್ಚಿನ ಹಳೆಯ ದಕ್ಷಿಣದ ಭಾಷೆಯಿಂದ ಘನತೆಗಾಗಿ ತಂದುಕೊಂಡದ್ದು.

ಚಿನ್ನಕ್ಕೂ ಹೀಗೇ ಆಯಿತು: ದಕ್ಷಿಣದಲ್ಲಿ ಜ್ಲಾತೊ, ರಷ್ಯಾದಲ್ಲಿ ಜೊಲೊತೊ, ಪೋಲೆಂಡಿನಲ್ಲಿ ಇಂದಿಗೂ ನಾಣ್ಯಕ್ಕೆ ಹೆಸರಾದ ಪದ. ತಲೆ, ಗಡ್ಡ, ಹಾಲು ಯಾವುದನ್ನೇ ತೆಗೆದುಕೊಂಡರೂ ಅದೇ ತ್ರಿಮಾರ್ಗ.

ಈಗ ಕಾರ್ಲನ ಪದವನ್ನು ಈ ದಾರಿಗಳಲ್ಲಿ ನಡೆಸಿ ನೋಡಿ. ಸೆರ್ಬಿಯನ್, ಕ್ರೊಯೇಷಿಯನ್, ಸ್ಲೊವೇನಿಯನ್ನರಲ್ಲಿ ಕ್ರಾಲ್, ಬಲ್ಗೇರಿಯನ್ನಿನಲ್ಲಿ ಕ್ರಾಲ್, ಚೆಕ್ಕಿನಲ್ಲೂ ಕ್ರಾಲ್. ಪೋಲಿಷ್‌ನಲ್ಲಿ ಕ್ರೊಲ್ ಎಂದಾಗಿ ಈಗ ಕ್ರುಲ್. ರಷ್ಯನ್ನಿನಲ್ಲಿ ಕೊರೊಲ್. ಎಲ್ಲಿಂದಲೋ ಬಂದ ಒಬ್ಬ ಜರ್ಮ್ಯಾನಿಕ್ ಅರಸನ ಹೆಸರು, ಹಾಲು ಮತ್ತು ತಲೆಯಷ್ಟೇ ಸ್ವಂತದ್ದೆಂಬಂತೆ, ಒಂದು ಕೂದಲೆಳೆಯೂ ತಪ್ಪದೆ ಅವುಗಳ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟಿದೆ.

ಇದರಿಂದ ಹೊರಡುವ ತೀರ್ಮಾನ ಮೈ ಜುಮ್ಮೆನಿಸುವಂಥದ್ದು. ಬದಲಾವಣೆ ನಡೆಯುವ ಮೊದಲೇ ಪದ ಮನೆಗೆ ಬಂದಿರಬೇಕು. ಪದ ಬಂದದ್ದು ಕಾರ್ಲನ ಕಾಲದಲ್ಲಾದರೆ, 800ರ ಸುಮಾರಿಗೆ ಎಲ್ಬೆಯಿಂದ ದ್ನೀಪರ್ ನದಿಯವರೆಗೆ, ಬಾಲ್ಟಿಕ್‌ನಿಂದ ಗ್ರೀಸಿನವರೆಗೆ ಹರಡಿದ್ದ ಸ್ಲಾವರು ‘ಕೊರ್, ಗೊರ್’ ಎಂದೇ ಮಾತಾಡುತ್ತಿದ್ದರು. ಅಂದರೆ ಹೆಚ್ಚುಕಡಿಮೆ ಒಂದೇ ಭಾಷೆ. ಇಂದು ಒಬ್ಬ ಬಲ್ಗೇರಿಯನ್ ರೈತನೂ ಒಬ್ಬ ಪೋಲಿಷ್ ರೈತನೂ ಎದುರಾದರೆ ಪರಸ್ಪರ ತಡಕಾಡಬೇಕು. ಅವರ ಪೂರ್ವಜರು ಕಾರ್ಲನ ಕಾಲದಲ್ಲಿ ಎದುರಾಗಿದ್ದರೆ ಹಾಯಾಗಿ ಹರಟುತ್ತಿದ್ದರು. ಸ್ಲಾವರ ಬಳಿ ಆಗ ಬರಹವಿರಲಿಲ್ಲ. ಅವರ ಭಾಷೆ ಯಾವಾಗ ಒಡೆಯಿತು ಎಂದು ಬರೆದಿಡುವವರೂ ಇರಲಿಲ್ಲ. ಆ ಕೆಲಸವನ್ನು ಒಂದು ನಾಮಪದ ಮಾಡಿದೆ. ಕಾರ್ಲನ ಚರಿತ್ರೆ ಬರೆದ ಐನ್‌ಹಾರ್ಡ್ ಕೂಡ ಅವನ ಗಡಿಯಾಚೆಯ ಜನರನ್ನು ಪಟ್ಟಿಮಾಡುವಾಗ, ನಡವಳಿಕೆ ಉಡುಪುಗಳಲ್ಲಿ ಬೇರೆಬೇರೆಯಾದರೂ ಇವರ ಮಾತು ಬಹುಪಾಲು ಒಂದೇ ಎಂಬ ಅರ್ಥದಲ್ಲಿ ಬರೆದಿದ್ದಾನೆ.

ಬೇರೆ ಸಾಕ್ಷಿಗಳೂ ಇದಕ್ಕೆ ದನಿಗೂಡಿಸುತ್ತವೆ. ಆರು ಏಳನೆಯ ಶತಮಾನಗಳಲ್ಲಿ ಗ್ರೀಸಿಗೆ ಇಳಿದು, ಅಲ್ಲೇ ಗ್ರೀಕರಲ್ಲಿ ಬೆರೆತುಹೋದ ಸ್ಲಾವರು ಗಾರ್ದಿಕಿ ಎಂಬ ಊರ ಹೆಸರುಗಳನ್ನು ಬಿಟ್ಟು ಹೋಗಿದ್ದಾರೆ. ಗ್ರಾದ್ ಆಗುವ ಮುಂಚಿನ ರೂಪ ಅದರಲ್ಲಿ ಹಾಗೇ ಉಳಿದಿದೆ. ಬಡಗಣದ ತುದಿಯಲ್ಲಿ ಫಿನ್ನಿಷ್ ಭಾಷೆಯವರು ನಾರುಬಟ್ಟೆಗೆ ಪಾಲ್ತ್ತಿನಾ ಎನ್ನುತ್ತಾರೆ, ನೂಲುವ ಕದಿರಿಗೆ ವ್ಯಾರ್ತ್ತಿನಾ. ಎರಡೂ ಪೂರ್ವದ ಸ್ಲಾವರಿಂದ ಕಲಿತವು. ರಷ್ಯನ್ನರಲ್ಲಿ ಅದೇ ಬಟ್ಟೆ ಇಂದು ಪೊಲೊತ್ನೊ, ಅದೇ ಕದಿರು ವೆರೆತೆನೊ. ಕೊಟ್ಟವರು ಬದಲಾದರು, ಇಸಿದುಕೊಂಡವರು ಹಳೆಯದನ್ನು ಜೋಪಾನ ಮಾಡಿದರು.

ರಾಜನಿಗೆ ಸ್ಲಾವರು ಸ್ವಂತ ಪದ ಯಾಕೆ ಕಟ್ಟಿಕೊಳ್ಳಲಿಲ್ಲ? ರಾಜ ಮಾತ್ರವಲ್ಲ, ಆಳುವವರ ಮೂರು ಮೆಟ್ಟಿಲುಗಳಿಗೂ ಅವರ ಪದಗಳು ಎರವಲು. ಚಕ್ರವರ್ತಿಗೆ ತ್ಸಾರ್, ಅದು ರೋಮಿನ ಸೀಸರನ ಹೆಸರು. ಸಂಸ್ಥಾನದ ಒಡೆಯನಿಗೆ ಕ್ನ್ಯಾಜ್, ಅದು ಜರ್ಮ್ಯಾನಿಕ್ ಜನರ ಕುನಿಂಗ್, ಅಂದರೆ ಇಂಗ್ಲಿಷಿನ ಕಿಂಗ್. ನಡುವಿನ ರಾಜನಿಗೆ ಕಾರ್ಲ್. ಆರನೆಯ ಶತಮಾನದ ಬೈಜಾಂಟಿಯಮ್ ಇತಿಹಾಸಕಾರ ಪ್ರೊಕೊಪಿಯಸ್, ಸ್ಲಾವರಲ್ಲಿ ಒಬ್ಬನೇ ಆಳುವ ಪದ್ಧತಿಯಿಲ್ಲ, ಕೂಡಿ ತೀರ್ಮಾನ ಮಾಡುತ್ತಾರೆ ಎಂದು ದಾಖಲಿಸಿದ್ದಾನೆ. ದಂಡಿನ ಮುಂದಾಳಿಗೆ ಅವರಲ್ಲಿ ಸ್ವಂತ ಪದವಿದೆ, ವೊಯೆವೊದ ಎಂದು. ಒಡೆತನಕ್ಕೂ ಸ್ವಂತ ಪದವಿದೆ. ತಲೆಯ ಮೇಲೆ ಕಿರೀಟವಿಟ್ಟುಕೊಂಡು ಕೂರುವವನನ್ನು ಮಾತ್ರ ಅವರು ಹೊರಗಿನವನಾಗಿಯೇ ಕಂಡರು.

ರಷ್ಯಾದಲ್ಲಿ ಆ ಹೊರಗಿನತನ ಇಂದಿಗೂ ಹೋಗಿಲ್ಲ. ಅಲ್ಲಿ ಆಳಿದವರು ಕ್ನ್ಯಾಜ್‌ಗಳು, 1547ರಲ್ಲಿ ನಾಲ್ಕನೆಯ ಇವಾನ್ ಪಟ್ಟಾಭಿಷಿಕ್ತನಾದ ಮೇಲೆ ತ್ಸಾರ್‌ಗಳು. ಕೊರೊಲ್ ಎಂದರೆ ಪಶ್ಚಿಮದವರ ರಾಜ, ಅಜ್ಜಿಕಥೆಯ ರಾಜ, ಶೇಕ್ಸ್‌ಪಿಯರನ ಲಿಯರ್. ಪೂರ್ವ ಸ್ಲಾವರಲ್ಲಿ ಈ ಬಿರುದನ್ನು ನಿಜವಾಗಿ ಧರಿಸಿದವರಲ್ಲಿ ಹೆಸರಾದವನು ಗಾಲಿಚ್‌ನ ದಾನಿಲೊ. ಮಂಗೋಲರ ವಿರುದ್ಧ ನೆರವು ಸಿಕ್ಕೀತೆಂದು 1253ರಲ್ಲಿ ಪೋಪನ ಪ್ರತಿನಿಧಿಯ ಕೈಯಿಂದ ಕಿರೀಟ ತೊಟ್ಟ, ನೆರವು ಬರಲಿಲ್ಲ. ಅದೇ 1253ರಲ್ಲಿ, ಅದೇ ಪೋಪನ ಒಪ್ಪಿಗೆಯಿಂದ, ಪಕ್ಕದ ಲಿಥುವೇನಿಯಾದಲ್ಲಿ ಮಿಂದೌಗಸನೂ ಕಿರೀಟ ತೊಟ್ಟ. ಆ ದೇಶಕ್ಕೆ ಅವನೊಬ್ಬನೇ ರಾಜ. ಲಿಥುವೇನಿಯನ್ನರು ಸ್ಲಾವರಲ್ಲ, ಆದರೂ ಅವನನ್ನು ಕರೆಯುವುದು ಕರಾಲಿಯುಸ್ ಎಂದು, ಸ್ಲಾವ್ ನೆರೆಯವರಿಂದ ಪಡೆದ ಕಾರ್ಲನ ಹೆಸರಿನಿಂದ.

ಪೋಲೆಂಡಿನಲ್ಲಿ 1384ರಲ್ಲಿ ಹತ್ತು ವರ್ಷದ ಹುಡುಗಿ ಯಾದ್ವಿಗಾಳಿಗೆ ಪಟ್ಟ ಕಟ್ಟುವಾಗ ದಾಖಲೆಗೆ ‘ರಾಣಿ’ ಎಂದು ಬರೆಯಲಿಲ್ಲ, ‘ರಾಜ’ ಎಂದೇ ಬರೆದರು. ರಾಣಿ ಎಂದರೆ ರಾಜನ ಹೆಂಡತಿ ಎಂದಾದೀತು, ಆಳುವ ಹಕ್ಕು ಅವಳದೇ ಎಂದು ಸ್ಪಷ್ಟವಾಗಬೇಕಿತ್ತು.

ಪದವಿಗೊಂದು ತೂಕವಿದ್ದ ಕಾಲದಲ್ಲಿ ಈ ಪದ ರಾಜತಂತ್ರದ ಆಯುಧವೂ ಆಯಿತು. ಸೆರ್ಬಿಯಾದ ಸ್ತೆಫಾನ್ 1217ರಲ್ಲಿ ಕ್ರಾಲ್ ಆದ. ಬೈಜಾಂಟಿಯಮ್ ಗ್ರೀಕರು ತಮ್ಮ ಚಕ್ರವರ್ತಿಯ ಬಿರುದನ್ನು ಅವನ ವಂಶಕ್ಕೆ ಬಿಟ್ಟುಕೊಡಲಾರದೆ, ಕ್ರಾಲಿಸ್ ಎಂಬ ಪದವನ್ನೇ ಗ್ರೀಕಿಗೆ ತಂದುಕೊಂಡರು. ಬಾಲ್ಕನ್ ನಾಡುಗಳನ್ನು ಗೆದ್ದ ಒಟ್ಟೊಮನ್ ತುರ್ಕಿಯರಿಗೂ ಅದು ಹಿಡಿಸಿತು. ಕ್ರಿಸ್ತಮತದ ಅರಸರೆಲ್ಲ ಅವರ ಪಾಲಿಗೆ ಕ್ರಾಲ್‌ಗಳು, ಸುಲ್ತಾನನಿಗಿಂತ ಒಂದು ಮೆಟ್ಟಿಲು ಕೆಳಗಿನವರು. ವಿಯೆನ್ನಾದಲ್ಲಿ ಕೂತಿದ್ದ ಹಾಬ್ಸ್‌ಬರ್ಗ್ ಚಕ್ರವರ್ತಿಯನ್ನು ಇಸ್ತಾಂಬುಲ್ ಸುಮ್ಮನೆ ‘ವಿಯೆನ್ನಾದ ಕ್ರಾಲ್’ ಎಂದು ಕರೆಯುತ್ತಿತ್ತು. ಹದಿಮೂರು ವರ್ಷಗಳ ಯುದ್ಧ ಮುಗಿದು 1606ರಲ್ಲಿ ಜಿತ್ವಾತೊರೊಕ್ ಒಪ್ಪಂದವಾದಾಗ ಮೊದಲ ಸಲ ಸುಲ್ತಾನ ಅವನನ್ನು ಸೀಸರ್ ಎಂದು ಒಪ್ಪಿಕೊಂಡ. ಇದರಲ್ಲಿ ಎಂಥ ಚಾರಿತ್ರಿಕ ಗಂಟಿದೆ ನೋಡಿ. ವಿಯೆನ್ನಾದ ಆ ಚಕ್ರವರ್ತಿಗಳು ತಮ್ಮ ಸಿಂಹಾಸನದ ಮೂಲವೆಂದು ತೋರಿಸುತ್ತಿದ್ದದ್ದು 800ರ ಕ್ರಿಸ್ಮಸ್ ದಿನ ರೋಮಿನಲ್ಲಿ ಪೋಪನಿಂದ ಕಿರೀಟ ಪಡೆದ ಕಾರ್ಲನನ್ನೇ. ಅವನ ಹೆಸರನ್ನೇ ಬಿರುದಾಗಿ ಕೊಟ್ಟರೆ ಅವರಿಗೆ ಅವಮಾನ.

ತುರ್ಕಿಯರಲ್ಲಿ ಇಂದು ಕ್ರಾಲ್ ಯಾವ ಅವಮಾನವನ್ನೂ ಹೊತ್ತಿಲ್ಲ. ಫುಟ್‌ಬಾಲ್ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ‘ಗೋಲ್ ಕ್ರಾಲ್’. ಹಂಗೆರಿಯನ್ನರು 895ರ ಸುಮಾರಿಗೆ ಬಯಲಿಗೆ ಬಂದು ನೆಲೆಸಿದಾಗ ಕ್ರಾಲ್ ಎಂಬುದನ್ನು ಕೇಳಿ, ಆರಂಭದ ಒತ್ತಕ್ಷರ ತಮಗೆ ಒಗ್ಗದೆ, ನಡುವೆ ಇಕಾರ ತುರುಕಿ ಕಿರಾಯ್ ಮಾಡಿಕೊಂಡರು. ರುಮೇನಿಯನ್ನರಿಗೆ ಅದು ಕ್ರಾಯ್. ಅಲ್ಲಿ ಬಾಲಯೇಸುವನ್ನು ನೋಡಲು ಬಂದ ಪೂರ್ವದ ಮೂವರು ಜ್ಞಾನಿಗಳೂ ಕ್ರಾಯ್‌ಗಳೇ. ರಷ್ಯನ್ ಚದುರಂಗದ ಹಾಸಿನ ಮೇಲೆ ನಮಗೆ ಬೇಕಾದ ನೋಟವೂ ಒಂದಿದೆ: ಬಿಷಪ್ ಎಂದು ಇಂಗ್ಲಿಷರು ಕರೆಯುವ ಕಾಯಿ ಅಲ್ಲಿ ಇಂದಿಗೂ ಆನೆ, ನಮ್ಮ ಚತುರಂಗದ ಆನೆ. ರಾಣಿಯ ಜಾಗದಲ್ಲಿ ಪರ್ಷಿಯಾದ ಮಂತ್ರಿ ಫೆರ್ಜ್. ಅವೆರಡರ ನಡುವೆ ರಾಜನಾಗಿ ನಿಂತವನು ಕೊರೊಲ್.

ಪದ ಅರಮನೆಯಿಂದ ಗೂಡಿಗೂ ಇಳಿಯಿತು. ಸಾಕುಮೊಲ ಮಧ್ಯ ಯುರೋಪಿಗೆ ಮೂಲದ ಪ್ರಾಣಿಯಲ್ಲ. ಸ್ಪೇನಿನ ಕಡೆಯದು, ಮಠಗಳ ಮೂಲಕ ಹರಡಿದ್ದು. ಲ್ಯಾಟಿನ್ನಿನಲ್ಲಿ ಅದಕ್ಕೆ ಕುನಿಕುಲುಸ್ ಎಂದು ಹೆಸರು. ಜರ್ಮನ್ನರ ಬಾಯಲ್ಲಿ ಅದು ಕ್ಯೂನಿಕ್ಲಿನ್ ಎಂಬಂತಾದಾಗ, ರಾಜನಿಗೆ ಅವರಾಡುವ ಕ್ಯೂನಿಕ್ ಎಂಬ ಪದಕ್ಕೆ ಹತ್ತಿರವಾಗಿ, ‘ಪುಟ್ಟ ರಾಜ’ ಎಂದು ಕೇಳಿಸತೊಡಗಿತು. ಸ್ಲಾವರು ಕೇಳಿಸಿದ್ದನ್ನು ನಂಬಿ ಅನುವಾದಿಸಿಕೊಂಡರು. ಚೆಕ್ಕರಿಗೆ ಮೊಲ ಕ್ರಾಲಿಕ್, ಪೋಲಿಷರಿಗೆ ಕ್ರುಲಿಕ್, ರಷ್ಯನ್ನರಿಗೆ ಕ್ರೋಲಿಕ್. ನೆತ್ತಿಯ ಮೇಲೆ ಹಳದಿ ಪಟ್ಟೆ ಇರುವ, ಐದಾರು ಗ್ರಾಂ ತೂಕದ ಪುಟಾಣಿ ಹಕ್ಕಿಯೊಂದಿದೆ. ಅದಕ್ಕೆ ಈ ಹೆಸರು ಸಲ್ಲುತ್ತದೆ, ಕಿರೀಟ ಕಣ್ಣಿಗೆ ಕಾಣುತ್ತದೆ. ರಷ್ಯನ್ನಿನಲ್ಲಿ ಅದು ಕೊರೊಲ್ಯೋಕ್, ಚೆಕ್ಕಿನಲ್ಲಿ ಕ್ರಾಲೀಚೆಕ್. ಅದೇ ಕೊರೊಲ್ಯೋಕ್ ಎಂಬ ಹೆಸರಿನಲ್ಲಿ ಒಳಗೆ ಕೆಂಪಗಿರುವ ಕಿತ್ತಳೆಯೂ, ಒಂದು ಬಗೆಯ ಪರ್ಸಿಮನ್ ಹಣ್ಣೂ ರಷ್ಯಾದ ಸಂತೆಗಳಲ್ಲಿ ಮಾರಾಟವಾಗುತ್ತವೆ. ಅದಿರು ಕರಗಿಸಿದಾಗ ತಳದಲ್ಲಿ ಉಳಿಯುವ ಅಪ್ಪಟ ಲೋಹದ ಗುಂಡಿಗೂ ಅದೇ ಹೆಸರು.

ಪ್ರಾಗ್‌ನಲ್ಲಿ ಈ ಪದದ ಇನ್ನೊಂದು ಮುಖ ಕಾಣುತ್ತದೆ. 1348ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿ, 1357ರಲ್ಲಿ ವ್ಲ್ತಾವಾ ನದಿಯ ಮೇಲಿನ ಕಲ್ಲು ಸೇತುವೆಗೆ ಅಡಿಗಲ್ಲಿಟ್ಟ ದೊರೆ ನಾಲ್ಕನೆಯ ಚಾರ್ಲ್ಸ್. ಹುಟ್ಟಿದಾಗ ಅವನು ವಾತ್ಸ್ಲಾವ್. ಬಾಲ್ಯದಲ್ಲಿ ಫ್ರಾನ್ಸಿನ ಆಸ್ಥಾನಕ್ಕೆ ಹೋಗಿ ಚಾರ್ಲ್ಸ್ ಆಗಿ ಬಂದ. ಚೆಕ್ಕರು ಅವನನ್ನು ಕ್ರಾಲ್ ಕಾರೆಲ್ ಎನ್ನುತ್ತಾರೆ. ಕ್ರಾಲ್ ಎಂದರೂ ಕಾರ್ಲ್, ಕಾರೆಲ್ ಎಂದರೂ ಕಾರ್ಲ್. ಮೊದಲನೆಯದು ಒಂಬತ್ತನೆಯ ಶತಮಾನದ ಹೊತ್ತಿಗೇ ಬಂದು ಸವೆದು ಹೊತ್ತಗೆಯಾದದ್ದು, ಎರಡನೆಯದು ಆಮೇಲೆ ಬಂದ ಪುಸ್ತಕ. 2022ರಲ್ಲಿ ಬ್ರಿಟನ್ನಿನ ಸಿಂಹಾಸನಕ್ಕೆ ಮೂರನೆಯ ಚಾರ್ಲ್ಸ್ ಬಂದಾಗ ಪ್ರಾಗ್‌ನ ಪತ್ರಿಕೆಗಳು ಕ್ರಾಲ್ ಕಾರೆಲ್ ಎಂದೂ, ವಾರ್ಸಾದವು ಕ್ರುಲ್ ಕಾರೊಲ್ ಎಂದೂ, ಮಾಸ್ಕೋದವು ಕೊರೊಲ್ ಕಾರ್ಲ್ ಎಂದೂ ಬರೆದವು.

ಎಲ್ಲ ವಿದ್ವಾಂಸರೂ ಈ ಕಥೆಯನ್ನು ಪೂರ್ತಿ ಒಪ್ಪಿದ್ದಾರೆ ಎಂದರೆ ತಪ್ಪಾಗುತ್ತದೆ. ಬಹುಪಾಲು ನಿಘಂಟುಗಳು ಕಾರ್ಲನ ಪರವಾಗಿವೆ, ತಕರಾರುಗಳೂ ಇವೆ. ಕಾರ್ಲನ ಆಳ್ವಿಕೆ ಬಲ್ಗೇರಿಯಾವನ್ನಾಗಲಿ ದ್ನೀಪರ್ ತೀರವನ್ನಾಗಲಿ ಮುಟ್ಟಲೇ ಇಲ್ಲ, ಅಲ್ಲಿನವರಿಗೆ ಅವನ ಹೆಸರು ಯಾಕೆ ಬೇಕಾಯಿತು ಎಂಬುದು ಒಂದು. ಇದು ನನಗೆ ಅಷ್ಟು ಬಲವಾದ ಆಕ್ಷೇಪವಾಗಿ ಕಾಣುವುದಿಲ್ಲ. ಭಾಷೆ ಇನ್ನೂ ಒಂದೇ ಆಗಿದ್ದಾಗ ಪದ ಒಂದು ಊರಿಂದ ಮುಂದಿನ ಊರಿಗೆ ಕಾಲ್ನಡಿಗೆಯಲ್ಲೇ ದಾಟುತ್ತದೆ, ಸೇನೆ ಅದರ ಹಿಂದೆ ಹೋಗಬೇಕಿಲ್ಲ.

ಕಾರ್ಲ್ ಎಂಬ ಹೆಸರಿನವರು ಆ ವಂಶದಲ್ಲಿ ಹಲವರಿದ್ದಾರಲ್ಲ ಎಂಬುದು ಇನ್ನೊಂದು ತಕರಾರು. ಅಜ್ಜ ಕಾರ್ಲ್ ಮಾರ್ಟೆಲ್ 741ರಲ್ಲಿ ತೀರಿಕೊಂಡ. ಅವನು ರಾಜ್ಯವನ್ನು ನಡೆಸಿದನೇ ಹೊರತು ರಾಜನೆನಿಸಿಕೊಳ್ಳಲೇ ಇಲ್ಲ. ಅವನ ಹೆಸರು ರಾಜನ ಬಿರುದಾಗುವುದು ಕಷ್ಟ. ಮರಿಮಗನಾದ ದಢೂತಿ ಕಾರ್ಲ್ 876ರಿಂದ 887ರವರೆಗೆ ಪೂರ್ವ ಫ್ರಾಂಕರನ್ನು ಆಳಿದ. ಮೊರಾವಿಯಾದ ಸ್ಲಾವ್ ದೊರೆ ಸ್ವಾತೊಪ್ಲುಕನನ್ನು 884ರಲ್ಲಿ ಮುಖಾಮುಖಿ ಭೇಟಿಯಾದವನೂ ಅವನೇ. ಆದರೆ ಅವನು ತಡವಾಗಿ ಬಂದ. ಕಿರಿಲ್ ಮತ್ತು ಮೆಥೋದಿಯಸ್ ಎಂಬ ಅಣ್ಣತಮ್ಮಂದಿರು 863ರಲ್ಲಿ ಮೊರಾವಿಯಾಕ್ಕೆ ಹೋಗಿ ಸ್ಲಾವ್ ಭಾಷೆಗೆ ಮೊದಲ ಬಾರಿಗೆ ಲಿಪಿ ಕೊಟ್ಟು ಧರ್ಮಗ್ರಂಥಗಳನ್ನು ಅನುವಾದಿಸಿದರಲ್ಲ, ಆ ಭಾಷೆಯಲ್ಲಿ ಆಗಲೇ ಗ್ರಾದ್ ಇದೆ, ಗೊರ್ದು ಇಲ್ಲ. ನಮಗೆ ದಕ್ಕಿರುವ ಪ್ರತಿಗಳು ಅವರ ಕಾಲದ ನಂತರದವು ಎಂಬುದು ನಿಜ. ಹಾಗಿದ್ದರೂ ದಕ್ಷಿಣದಲ್ಲಿ ಬದಲಾವಣೆ ಒಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮುಗಿದಿತ್ತು ಎಂದೇ ಎಲ್ಲ ಸೂಚನೆಗಳೂ ಹೇಳುತ್ತವೆ. ಉಳಿಯುವುದು 768 ಮತ್ತು 860ರ ನಡುವಣ ಕಿಂಡಿ, ಆ ಕಿಂಡಿಯಲ್ಲಿ ಸ್ಲಾವರ ಗಡಿಯಲ್ಲಿ ಎಲ್ಲರಿಗಿಂತ ದೊಡ್ಡವನಾಗಿ ನಿಂತ ಕಾರ್ಲ್ ಷಾರ್ಲಮೇನನೇ.

ಮೂರನೆಯ ತಕರಾರು ಗಟ್ಟಿಯಾದದ್ದು. ನೆರೆಯವರ ಗ್ರಾದ್ ಎಂದರೆ ನಮ್ಮ ಗೊರೊದ್ ಎಂದು ರಷ್ಯನ್ನರಿಗೆ ಗೊತ್ತಿತ್ತು. ಪಶ್ಚಿಮದಿಂದ ಬದಲಾವಣೆಯ ನಂತರ ಕ್ರಾಲ್ ಬಂದಾಗ, ಅದೇ ಲೆಕ್ಕ ಹಾಕಿ ಅವರೇ ಕೊರೊಲ್ ಎಂದು ತಿದ್ದಿಕೊಂಡಿರಬಾರದೇಕೆ? ಹಾಗಾಗಿದ್ದರೆ *ಕೊರ್ಲಿ ಎಂಬ ಪದವೇ ಎಂದೂ ಇದ್ದಿರಲಿಲ್ಲ, ನಕ್ಷತ್ರ ಹಚ್ಚಿದ್ದು ನೆರಳಿಗೆ ಎಂದಾಗುತ್ತದೆ. ಇದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಆದರೆ ರಷ್ಯನ್ನರು ತಡವಾಗಿ ಪಡೆದ ಪದಗಳನ್ನು ಏನು ಮಾಡಿದರೆಂದು ನೋಡಲು ಒಂದು ಉದಾಹರಣೆ ಕೈಯಲ್ಲಿದೆ. ಮೊಲದ ಹೆಸರು ಅವರಿಗೆ ಪೋಲೆಂಡಿನಿಂದ ಬಂದದ್ದು. ಅವರ ಮನೆಯಲ್ಲಿ ರಾಜ ಕೊರೊಲ್, ತಿದ್ದುವ ಲೆಕ್ಕ ಎದುರಿಗೇ ಇತ್ತು, ಕೊರೊಲಿಕ್ ಎಂದು ಮಾಡಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಪೋಲಿಷರಿಂದ ಬಂದ ಕ್ರೋಲಿಕ್ ಕ್ರೋಲಿಕ್ ಆಗಿಯೇ ಉಳಿದಿದೆ.